ಕೋರ್ಟಿನ ಕಾವಲು ಯಾರ ಕೈಯಲ್ಲಿದೆ?

ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರದಂಥ ಊರಿನ ಕೋರ್ಟಿನ ಒಂದು ದಿನವನ್ನು ನೋಡಿ. ಜೈಲಿನಿಂದ ಪೊಲೀಸ್ ವ್ಯಾನಿನಲ್ಲಿ ವಿಚಾರಣಾಧೀನ ಕೈದಿಗಳು ಬರುತ್ತಾರೆ. ಅವರ ಮುಖ ನೋಡಲು ಮನೆಯವರೂ ಬರುತ್ತಾರೆ, ಎದುರು ಪಾರ್ಟಿಯವರೂ ಬರುತ್ತಾರೆ. ಹೊಲದ ಬದುವಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ವರಾಂಡದಲ್ಲಿ ಕುಳಿತು ತಮ್ಮ ಹೆಸರು ಕೂಗುವುದನ್ನೇ ಕಾಯುತ್ತಾರೆ. ಜೀವನಾಂಶ ಕೇಳಲು ಬಂದ ಹೆಂಡತಿ ಮತ್ತು ಕೊಡುವುದಿಲ್ಲವೆಂದು ಬಂದ ಗಂಡ ಒಂದೇ ಬಾಗಿಲಲ್ಲಿ ಒಳಗೆ ಹೋಗುತ್ತಾರೆ. ಮುದ್ದೆಮಾಲಿನ ಕೋಣೆಯಲ್ಲಿ ಚೀಟಿ ಅಂಟಿಸಿದ ಕೊಡಲಿ, ಕುಡುಗೋಲುಗಳಿರುತ್ತವೆ. ನ್ಯಾಯಾಧೀಶರ ಮುಂದೆ ಬೆಂಚ್ ಕ್ಲರ್ಕ್, ಪಕ್ಕದಲ್ಲಿ ಸ್ಟೆನೋ, ಬಾಗಿಲಲ್ಲಿ ದಲಾಯತ್. ಅಷ್ಟು ಹೊತ್ತಿಗೆ ನಜಾರತ್ ಶಾಖೆಯ ಬೇಲಿಫ್ ಸಮನ್ಸಿನ ಕಟ್ಟು ಹಿಡಿದು ಹಳ್ಳಿಯ ಬಸ್ಸು ಹತ್ತಿರುತ್ತಾರೆ.

ನ್ಯಾಯಾಧೀಶರ ಮತ್ತು ಕೋರ್ಟ್ ಸಿಬ್ಬಂದಿಯ ಭದ್ರತೆಯ ಬಗ್ಗೆ ದೇಶದಲ್ಲಿ ನಡೆದಿರುವ ಚರ್ಚೆ ಈ ಚಿತ್ರದ ಒಂದು ಮೂಲೆಯನ್ನು ಮಾತ್ರ ಬಲ್ಲದು. ಗೇಟು, ಮೆಟಲ್ ಡಿಟೆಕ್ಟರ್, ಸಿಸಿಟಿವಿ ಕ್ಯಾಮೆರಾಗಳ ಬಗ್ಗೆ ಸಾಕಷ್ಟು ಬರೆದದ್ದಾಗಿದೆ. ಗೇಟಿನಾಚೆ ಹೋಗುವ ಬೇಲಿಫ್, ಸಂಜೆ ಪೇಟೆಯಲ್ಲಿ ಓಡಾಡುವ ಕಿರಿಯ ನ್ಯಾಯಾಧೀಶರು, ಒಬ್ಬರೇ ಮನೆಗೆ ಹೋಗುವ ಮಹಿಳಾ ಗುಮಾಸ್ತರ ಬಗ್ಗೆ ಕಡಿಮೆ. ಈ ಚರ್ಚೆ ಎಲ್ಲಿಂದ ಬಂತು, ಯಾರು ಏನು ವಾದಿಸುತ್ತಾರೆ, ಯಾವುದು ಯಾದಗಿರಿ ಜಿಲ್ಲೆಯವರೆಗೆ ಬಂದು ಮುಟ್ಟುತ್ತದೆ ಎಂಬುದನ್ನು ನೋಡೋಣ.

ದಂಡ ಬೇರೆ, ತೀರ್ಪು ಬೇರೆ

ಸುರಪುರದ ಬೆಟ್ಟದ ಮೇಲೆ ಇಂದಿಗೂ ನಿಂತಿರುವ ಟೇಲರ್ ಮಂಜಿಲ್ ಒಂದು ಹಳೆಯ ವ್ಯವಸ್ಥೆಯ ಗುರುತು. 1841ರಿಂದ 1853ರವರೆಗೆ ಇಲ್ಲಿ ಬ್ರಿಟಿಷರ ಪರವಾಗಿ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಕಂದಾಯ ವಸೂಲಿ ಮಾಡಿಸಿದವನೂ ಹೌದು, ವ್ಯಾಜ್ಯ ತೀರಿಸಿದವನೂ ಹೌದು. ಸಿಪಾಯಿಗಳೂ ಅವನ ಮಾತಿನಲ್ಲೇ ಇದ್ದರು. ಹಾಗೆ ತೀರ್ಪು ಕೊಡುವವನಿಗೆ ಕಾವಲಿನ ಚಿಂತೆ ಬೇರೆಯಾಗಿ ಇರುತ್ತಿರಲಿಲ್ಲ. ಅವನೇ ಸರ್ಕಾರ. ಬ್ರಿಟಿಷರ ವಿರುದ್ಧ ಸುರಪುರದ ದೊರೆ ರಾಜಾ ವೆಂಕಟಪ್ಪ ನಾಯಕನ ಹೋರಾಟ 1858ರಲ್ಲಿ ಮುಗಿದು, ಮುಂದೆ 1860ರಲ್ಲಿ ಸಂಸ್ಥಾನ ನಿಜಾಮನ ಕೈಸೇರಿತು.

ನಿಜಾಮರ ಹೈದರಾಬಾದ್ ರಾಜ್ಯ 1920ರ ದಶಕದ ಆರಂಭದಲ್ಲಿಯೇ ನ್ಯಾಯಾಂಗವನ್ನು ಆಡಳಿತದಿಂದ ಬೇರ್ಪಡಿಸಿತು. ಬ್ರಿಟಿಷ್ ಇಂಡಿಯಾ ಮಾಡಲು ಹಿಂಜರಿದ ಕೆಲಸವದು. ಸ್ವತಂತ್ರ ಭಾರತದಲ್ಲಿ ಸಂವಿಧಾನದ 50ನೇ ವಿಧಿ ಅದನ್ನೇ ಗುರಿಯಾಗಿಟ್ಟುಕೊಂಡಿತು. 1973ರ ದಂಡ ಪ್ರಕ್ರಿಯಾ ಸಂಹಿತೆ ಅದನ್ನು ದೇಶದುದ್ದಕ್ಕೂ ಜಾರಿಗೆ ತಂದಿತು. ಇದು ದೊಡ್ಡ ಗಳಿಕೆ, ಸಂಶಯವಿಲ್ಲ. ಆದರೆ ಇದಕ್ಕೊಂದು ಬೆಲೆಯೂ ಇತ್ತು. ತಹಶೀಲ್ದಾರರೇ ಮ್ಯಾಜಿಸ್ಟ್ರೇಟರಾಗಿದ್ದಾಗ ಪೊಲೀಸರು ಅವರು ಹೇಳಿದಂತೆ ಕೇಳುತ್ತಿದ್ದರು. ಬೇರೆಯಾದ ಮೇಲೆ ನ್ಯಾಯಾಧೀಶರಿಗೆ ತಮ್ಮದೆಂಬ ಒಬ್ಬ ಕಾನ್‌ಸ್ಟೆಬಲ್ ಕೂಡ ಉಳಿಯಲಿಲ್ಲ. ಕಾವಲು ಬೇಕೆಂದರೆ ಎಸ್ಪಿ ಕಚೇರಿಗೆ ಪತ್ರ ಬರೆಯಬೇಕು. ಅದೇ ಪೊಲೀಸರ ದೋಷಾರೋಪ ಪಟ್ಟಿಯನ್ನು ಮಾರನೆಯ ದಿನ ಅದೇ ನ್ಯಾಯಾಧೀಶರು ಒರೆಗೆ ಹಚ್ಚಬೇಕು. ಭದ್ರತೆಯ ಚರ್ಚೆಯ ಎಲ್ಲ ಎಳೆಗಳೂ ಕೊನೆಗೆ ಈ ಗಂಟಿಗೇ ಬಂದು ನಿಲ್ಲುತ್ತವೆ.

ನ್ಯಾಯಾಧೀಶರ ಮೇಲಿನ ದಾಳಿ ಹೊಸದೇನಲ್ಲ. 1871ರ ಸೆಪ್ಟೆಂಬರಿನಲ್ಲಿ ಕಲ್ಕತ್ತಾ ಹೈಕೋರ್ಟಿನ ಹಂಗಾಮಿ ಮುಖ್ಯ ನ್ಯಾಯಮೂರ್ತಿ ನಾರ್ಮನ್ ಅವರನ್ನು ಟೌನ್ ಹಾಲಿನ ಮೆಟ್ಟಿಲ ಮೇಲೆ ಇರಿದು ಕೊಂದರು. 1975ರ ಮಾರ್ಚ್ 20ರಂದು ಭಾರತದ ಮುಖ್ಯ ನ್ಯಾಯಮೂರ್ತಿ ಎ.ಎನ್. ರೇ ಅವರ ಕಾರಿನೊಳಗೆ ಕೈಬಾಂಬುಗಳು ಬಿದ್ದವು, ಸಿಡಿಯಲಿಲ್ಲ. 1989ರ ನವೆಂಬರಿನಲ್ಲಿ ಶ್ರೀನಗರದಲ್ಲಿ ನಿವೃತ್ತ ನ್ಯಾಯಾಧೀಶ ನೀಲಕಂಠ ಗಂಜೂ ಗುಂಡಿಗೆ ಬಲಿಯಾದರು. ಕಾಶ್ಮೀರದ ಪ್ರತ್ಯೇಕತಾವಾದಿ ಮಕ್ಬೂಲ್ ಭಟ್‌ಗೆ ಮರಣದಂಡನೆ ವಿಧಿಸಿದ್ದು ಅವರೇ. ಮೂರೂ ರಾಜಕೀಯ ಬಣ್ಣದ ಪ್ರಕರಣಗಳು. ಆದ್ದರಿಂದ ಸರ್ಕಾರಗಳು ಇದನ್ನು ಬಹುಕಾಲ ಗಣ್ಯರ ರಕ್ಷಣೆಯ ಪ್ರಶ್ನೆಯಾಗಿ ಕಂಡವು. ಮುನ್ಸಿಫ್ ಕೋರ್ಟಿಗೂ ಇದಕ್ಕೂ ಏನೂ ಸಂಬಂಧವಿಲ್ಲವೆಂಬಂತೆ ನಡೆದುಕೊಂಡವು.

ಸಣ್ಣ ಊರಿಗೆ ಬಂದ ಅಪಾಯ

ಆ ಎಣಿಕೆಯನ್ನು ಕರ್ನಾಟಕದ ಘಟನೆಗಳೇ ತಪ್ಪಿಸಿದವು. 2008ರ ಮೇ 10ರಂದು ಹುಬ್ಬಳ್ಳಿಯ ಜೆಎಂಎಫ್‌ಸಿ ನ್ಯಾಯಾಲಯದಲ್ಲಿ ಬಾಂಬ್ ಸಿಡಿಯಿತು. 2016ರ ಆಗಸ್ಟ್ 1ರಂದು ಮೈಸೂರಿನ ನ್ಯಾಯಾಲಯ ಆವರಣದ ಶೌಚಾಲಯದಲ್ಲಿ ಸ್ಫೋಟ ನಡೆಯಿತು. ಅದೇ ವರ್ಷ ಚಿತ್ತೂರು, ಕೊಲ್ಲಂ, ನೆಲ್ಲೂರು, ಮಲಪ್ಪುರಂಗಳಲ್ಲೂ ಇದೇ ಬಗೆಯ ಸ್ಫೋಟಗಳಾಗಿದ್ದವು. ಒಂದೂ ಮಹಾನಗರವಲ್ಲ. ಮೈಸೂರು ಪ್ರಕರಣದಲ್ಲಿ ಬೆಂಗಳೂರಿನ ಎನ್‌ಐಎ ವಿಶೇಷ ನ್ಯಾಯಾಲಯ 2021ರಲ್ಲಿ ಮೂವರನ್ನು ಅಪರಾಧಿಗಳೆಂದು ಘೋಷಿಸಿತು.

2018ರ ಮಾರ್ಚ್ 7ರಂದು ಲೋಕಾಯುಕ್ತ ನ್ಯಾಯಮೂರ್ತಿ ಪಿ. ವಿಶ್ವನಾಥ ಶೆಟ್ಟಿ ಅವರನ್ನು ಅವರ ಕಚೇರಿಯಲ್ಲೇ ದೂರುದಾರನೊಬ್ಬ ಚಾಕುವಿನಿಂದ ಇರಿದ. ಹಾಗೆ ಬಂದವನು ಉಗ್ರನಲ್ಲ, ತನ್ನ ದೂರಿಗೆ ನ್ಯಾಯ ಸಿಗಲಿಲ್ಲ ಎಂದು ನಂಬಿದವನು. 2022ರ ಆಗಸ್ಟ್ 13, ಲೋಕ ಅದಾಲತ್ತಿನ ದಿನ. ಹೊಳೆನರಸೀಪುರದ ನ್ಯಾಯಾಲಯಕ್ಕೆ ದಾಂಪತ್ಯದ ಕೇಸಿಗೆಂದು ಬಂದಿದ್ದ ಮಹಿಳೆ ಆಪ್ತಸಮಾಲೋಚನೆ ಮುಗಿಸಿ ಶೌಚಾಲಯದ ಕಡೆಗೆ ಹೋದಾಗ ಗಂಡ ಕತ್ತು ಕೊಯ್ದ. ಆಕೆ ಉಳಿಯಲಿಲ್ಲ. 2024ರ ಏಪ್ರಿಲ್‌ನಲ್ಲಿ ವ್ಯಕ್ತಿಯೊಬ್ಬ ಬೆಂಗಳೂರಿನ ಹೈಕೋರ್ಟಿನಲ್ಲಿ ಮುಖ್ಯ ನ್ಯಾಯಮೂರ್ತಿಗಳ ಎದುರಿನಲ್ಲೇ ತನ್ನ ಕತ್ತು ಕೊಯ್ದುಕೊಂಡ. ರಾಜ್ಯದಲ್ಲೇ ಅತಿ ಬಿಗಿಯಾದ ಕಾವಲಿರುವ ಕೋರ್ಟ್ ಹಾಲಿಗೆ ಹರಿತವಾದ ವಸ್ತು ಹೇಗೆ ಬಂತು ಎಂದು ಅಂದು ಪೀಠವೇ ಕೇಳಿತು.

ಮೈಸೂರು ಮತ್ತು ಹೊಳೆನರಸೀಪುರ ಎರಡರಲ್ಲೂ ಜಾಗ ಶೌಚಾಲಯ. ಯಾರ ಕಣ್ಣೂ ಬೀಳದ, ಯಾರೂ ಉಸ್ತುವಾರಿ ಮಾಡದ ಹಿಂಭಾಗ. ಕ್ಯಾಮೆರಾ ಇಡಲಾಗದ ಜಾಗವೂ ಅದೇ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎಲ್ಲ ನ್ಯಾಯಾಲಯಗಳಲ್ಲೂ ಪುರುಷರು, ಮಹಿಳೆಯರು, ಅಂಗವಿಕಲರು ಮತ್ತು ಲಿಂಗತ್ವ ಅಲ್ಪಸಂಖ್ಯಾತರಿಗೆ ಪ್ರತ್ಯೇಕ ಶೌಚಾಲಯಗಳಿರಬೇಕೆಂದು ಆದೇಶಿಸಿದಾಗ ಅದನ್ನು ಘನತೆಯ ಪ್ರಶ್ನೆಯಾಗಿ ಎಲ್ಲರೂ ಓದಿದರು. ಕೋರ್ಟ್ ಕಟ್ಟಡದ ನಕ್ಷೆ ಬರೆಯುವ ಲೋಕೋಪಯೋಗಿ ಎಂಜಿನಿಯರ್ ಅದನ್ನು ಭದ್ರತೆಯ ಪ್ರಶ್ನೆಯಾಗಿಯೂ ಓದಬೇಕು.

ಗೇಟು ಬಿಗಿ ಮಾಡಿ ಎನ್ನುವವರು

ಮೊದಲ ಪಂಥದ ವಾದ ನೇರ: ಒಳಗೆ ಬರುವುದನ್ನು ನಿಯಂತ್ರಿಸಿದರೆ ಅಪಾಯ ಕಡಿಮೆ. 2011ರ ಸೆಪ್ಟೆಂಬರ್ 7ರ ದೆಹಲಿ ಹೈಕೋರ್ಟ್ ಸ್ಫೋಟ ಈ ವಾದಕ್ಕೆ ಬಲ ಕೊಟ್ಟಿತು. 2021ರ ಸೆಪ್ಟೆಂಬರ್ 24ರಂದು ದೆಹಲಿಯ ರೋಹಿಣಿ ಕೋರ್ಟಿನೊಳಗೆ ವಿಚಾರಣೆಗೆ ಬಂದಿದ್ದ ರೌಡಿಯೊಬ್ಬನನ್ನು ಇಬ್ಬರು ಗುಂಡಿಟ್ಟು ಕೊಂದರು. ಡಿಸೆಂಬರಿನಲ್ಲಿ ಅದೇ ಸಂಕೀರ್ಣದಲ್ಲಿ ಲ್ಯಾಪ್‌ಟಾಪ್ ಬ್ಯಾಗಿನಲ್ಲಿಟ್ಟ ಸ್ಫೋಟಕ ಸಿಡಿಯಿತು. ಎರಡು ವಾರದೊಳಗೆ ಲೂಧಿಯಾನದ ಕೋರ್ಟಿನಲ್ಲಿ ಇನ್ನೊಂದು.

ಈ ಪಂಥದ ಅತ್ಯಂತ ಪೂರ್ಣ ರೂಪ ಸಿಗುವುದು ಪ್ರದ್ಯುಮ್ನ ಬಿಷ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 2023ರ ಆಗಸ್ಟ್ 11ರ ಆದೇಶದಲ್ಲಿ. ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಮತ್ತು ದೀಪಾಂಕರ್ ದತ್ತಾ ಅವರ ಪೀಠ ಪ್ರತಿ ಹೈಕೋರ್ಟೂ ರಾಜ್ಯದ ಗೃಹ ಕಾರ್ಯದರ್ಶಿ, ಪೊಲೀಸ್ ಮುಖ್ಯಸ್ಥರ ಜೊತೆ ಕುಳಿತು ಭದ್ರತಾ ಯೋಜನೆ ಮಾಡಬೇಕೆಂದಿತು. ಪ್ರತಿ ಸಂಕೀರ್ಣಕ್ಕೂ ಕಾಯಂ ಭದ್ರತಾ ಘಟಕ, ಅದರ ಸಿಬ್ಬಂದಿಗೆ ತರಬೇತಿ, ಬ್ಯಾಗ್ ತಪಾಸಣೆ, ಪ್ರವೇಶ ಪಾಸು, ಸಿಸಿಟಿವಿ, ಆಂಬುಲೆನ್ಸ್, ಅಗ್ನಿಶಾಮಕ ವ್ಯವಸ್ಥೆ ಎಲ್ಲವೂ ಅದರಲ್ಲಿವೆ. ನ್ಯಾಯಾಲಯದ ಆವರಣವನ್ನು ಜನ ಅಡ್ಡದಾರಿಯಾಗಿ ಬಳಸುವುದು, ಒಳಗಿರುವ ಅಂಗಡಿ ಮುಂಗಟ್ಟುಗಳು ಕೂಡ ಆದೇಶದ ಗಮನಕ್ಕೆ ಬಂದಿವೆ. ಓದಿದರೆ ತಾಲ್ಲೂಕು ಕೋರ್ಟನ್ನು ಕಂಡವರು ಬರೆದಂತಿದೆ.

ಆದರೆ ರೋಹಿಣಿಯ ಹಂತಕರು ವಕೀಲರ ಕರಿ ಕೋಟು ತೊಟ್ಟು ಬಂದಿದ್ದರು. 2023ರ ಏಪ್ರಿಲ್‌ನಲ್ಲಿ ದೆಹಲಿಯ ಸಾಕೇತ್ ಕೋರ್ಟಿನಲ್ಲಿ ಮಹಿಳೆಗೆ ಗುಂಡು ಹಾರಿಸಿದವನು ಸನ್ನದು ಅಮಾನತಾಗಿದ್ದ ವಕೀಲ. 2025ರ ಅಕ್ಟೋಬರ್ 6ರಂದು ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಅವರತ್ತ ಶೂ ಎಸೆಯಲು ಹೋದವರೂ ವಕೀಲರೇ. ವಕೀಲರನ್ನೂ ತಪಾಸಣೆ ಮಾಡಬೇಕೇ ಎಂಬಲ್ಲಿ ಈ ಪಂಥ ಎಡವುತ್ತದೆ. ಶಹಾಪುರ, ಸುರಪುರದಲ್ಲಿ ಗೇಟಿನ ಕಾನ್‌ಸ್ಟೆಬಲ್‌ಗೆ ಪ್ರತಿ ವಕೀಲರೂ ಹೆಸರು ಹಿಡಿದು ಗೊತ್ತು. ಅಂಥ ಊರಿನಲ್ಲಿ ಬ್ಯಾಗು ಬಿಚ್ಚಿಸುವುದು ಅವಮಾನವೆಂದೇ ಕಾಣುತ್ತದೆ. ಪೊಲೀಸರಿಗೂ ವಕೀಲರಿಗೂ ಇರುವ ಹಳೆಯ ಮುನಿಸು ಬೇರೆ: 2012ರ ಮಾರ್ಚ್ 2ರಂದು ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟ್ ಆವರಣ ರಣರಂಗವಾಯಿತು. 2023ರ ನವೆಂಬರ್ ಕೊನೆಯಲ್ಲಿ ಚಿಕ್ಕಮಗಳೂರಿನಲ್ಲಿ ಹೆಲ್ಮೆಟ್ ವಿಷಯಕ್ಕೆ ಯುವ ವಕೀಲರೊಬ್ಬರ ಮೇಲೆ ಪೊಲೀಸರು ನಡೆಸಿದ ಹಲ್ಲೆ ರಾಜ್ಯದಾದ್ಯಂತ ಕಲಾಪ ಬಹಿಷ್ಕಾರಕ್ಕೆ ದಾರಿಯಾಯಿತು. ತಪಾಸಣೆಯ ಕೆಲಸವನ್ನು ಅದೇ ಪೊಲೀಸರಿಗೆ ಒಪ್ಪಿಸಿ ವಕೀಲರು ಸುಮ್ಮನೆ ಸಾಲಿನಲ್ಲಿ ನಿಲ್ಲಲಿ ಎನ್ನುವುದು ಕಾಗದದ ಮೇಲೆ ಸುಲಭ.

ಇನ್ನೊಂದು ತೊಡಕು ತತ್ವದ್ದು. ನ್ಯಾಯ ಬಾಗಿಲು ತೆರೆದು ನಡೆಯಬೇಕು ಎಂಬುದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿತ್ತು, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 366ನೇ ಕಲಮಿನಲ್ಲೂ ಇದೆ. ಪಾಸು, ಗುರುತಿನ ಚೀಟಿ, ಬೆರಳಚ್ಚು ಎಂದರೆ ಊರಿನಿಂದ ಮಗನ ಕೇಸು ನೋಡಲು ಬಂದ ಅನಕ್ಷರಸ್ಥ ತಾಯಿ ಗೇಟಿನಲ್ಲೇ ಉಳಿಯುತ್ತಾಳೆ. ಯಾದಗಿರಿಯ ಬೇಸಿಗೆಯಲ್ಲಿ ತಪಾಸಣೆಯ ಸಾಲು ನೆರಳಿಲ್ಲದ ಜಾಗದಲ್ಲಿ ನಿಂತರೆ ಅದೂ ಒಂದು ಅಪಾಯವೇ.

ಸ್ವಂತ ಪಡೆ ಬೇಕು ಎನ್ನುವವರು

2021ರ ಜುಲೈ 28ರ ಬೆಳಗ್ಗೆ ಜಾರ್ಖಂಡಿನ ಧನಬಾದಿನಲ್ಲಿ ಹೆಚ್ಚುವರಿ ಸೆಷನ್ಸ್ ನ್ಯಾಯಾಧೀಶ ಉತ್ತಮ್ ಆನಂದ್ ವಾಯುವಿಹಾರಕ್ಕೆ ಹೋಗಿದ್ದಾಗ ಆಟೋ ಬಂದು ಗುದ್ದಿತು. ರಸ್ತೆ ಖಾಲಿಯಿತ್ತು, ಅವರು ಬದಿಯಲ್ಲಿದ್ದರು. ಸಿಸಿಟಿವಿ ದೃಶ್ಯ ದೇಶವೆಲ್ಲ ಹರಿದಾಡಿತು. ಸರಿಯಾಗಿ ಒಂದು ವರ್ಷಕ್ಕೆ ಇಬ್ಬರು ಅಪರಾಧಿಗಳೆಂದು ಸಾಬೀತಾಯಿತು, ಜೀವಾವಧಿ ಶಿಕ್ಷೆಯಾಯಿತು. ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು. ನ್ಯಾಯಾಧೀಶರು ಬೆದರಿಕೆಯ ದೂರು ಕೊಟ್ಟರೂ ತನಿಖಾ ಸಂಸ್ಥೆಗಳು ನೆರವಿಗೆ ಬರುವುದಿಲ್ಲ ಎಂದು ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಅವರ ಪೀಠ ಬೇಸರಪಟ್ಟಿತು. ನ್ಯಾಯಾಧೀಶರ ಭದ್ರತೆಯ ಬಗ್ಗೆ ಉತ್ತರ ಸಲ್ಲಿಸದ ರಾಜ್ಯಗಳಿಗೆ ತಲಾ 1 ಲಕ್ಷ ರೂಪಾಯಿ ದಂಡದ ಬಿಸಿ ಮುಟ್ಟಿಸಿತು.

ಆಗ ಎದ್ದ ಬೇಡಿಕೆ, ನ್ಯಾಯಾಂಗಕ್ಕೆಂದೇ ಕೇಂದ್ರ ಕೈಗಾರಿಕಾ ಭದ್ರತಾ ಪಡೆ (ಸಿಐಎಸ್‌ಎಫ್) ಮಾದರಿಯ ಪಡೆ. ಅಮೆರಿಕದಲ್ಲಿ ಫೆಡರಲ್ ನ್ಯಾಯಾಧೀಶರನ್ನು ಕಾಯಲು 1789ರಿಂದಲೂ ಮಾರ್ಷಲ್‌ಗಳಿದ್ದಾರೆ. ನಮ್ಮಲ್ಲೇ ಮದ್ರಾಸ್ ಹೈಕೋರ್ಟಿಗೆ 2015ರ ನವೆಂಬರಿನಿಂದ ಸಿಐಎಸ್‌ಎಫ್ ಕಾವಲಿದೆ. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಪೊಲೀಸ್ ವ್ಯವಸ್ಥೆ ರಾಜ್ಯದ ವಿಷಯ, ಸ್ಥಳೀಯ ಅಪರಾಧಿಗಳ ಮಾಹಿತಿ ಸ್ಥಳೀಯ ಪೊಲೀಸರಿಗೇ ಗೊತ್ತು, 2007ರಲ್ಲೇ ಗೃಹ ಸಚಿವಾಲಯ ಮಾರ್ಗಸೂಚಿ ಕಳಿಸಿದೆ ಎಂದು ಅದು ವಾದಿಸಿತು.

ಎರಡೂ ಕಡೆ ಸತ್ಯವಿದೆ. ಸುರಪುರದಲ್ಲಿ ಯಾವ ಕುಟುಂಬಕ್ಕೆ ಯಾವ ಕುಟುಂಬ ಆಗಿಬರುವುದಿಲ್ಲ, ಯಾವ ಕೇಸಿನ ದಿನ ಯಾರು ಗುಂಪು ಕಟ್ಟಿಕೊಂಡು ಬರುತ್ತಾರೆ ಎಂಬುದು ಬೇರೆ ರಾಜ್ಯದಿಂದ ಬಂದ ಜವಾನನಿಗೆ ತಿಳಿಯುವುದಿಲ್ಲ, ಕೋರ್ಟ್ ಡ್ಯೂಟಿ ಪಿಸಿಗೆ ತಿಳಿಯುತ್ತದೆ. ಆದರೆ ಆ ಪಿಸಿಯನ್ನು ಜಾತ್ರೆ, ಚುನಾವಣೆ, ಮಂತ್ರಿಯ ಪ್ರವಾಸ ಎಂದು ಯಾವಾಗ ಬೇಕಾದರೂ ಎಬ್ಬಿಸಿಕೊಂಡು ಹೋಗಬಹುದು. ನನಗೆ ಮಧ್ಯದ ದಾರಿಯೇ ಸರಿಯೆನಿಸುತ್ತದೆ: ಮೆಟ್ರೊ ಕಾಯುವ ಕರ್ನಾಟಕ ರಾಜ್ಯ ಕೈಗಾರಿಕಾ ಭದ್ರತಾ ಪಡೆಯಂಥ ರಾಜ್ಯದ್ದೇ ಪಡೆಯಿಂದ ನಿಗದಿತ ಅವಧಿಗೆ ಆಳುಗಳು, ಅವರನ್ನು ಜಿಲ್ಲಾ ನ್ಯಾಯಾಧೀಶರ ಲಿಖಿತ ಒಪ್ಪಿಗೆ ಇಲ್ಲದೆ ಕದಲಿಸಬಾರದೆಂಬ ಕರಾರು. 2023ರ ಆದೇಶ ಕಾಯಂ ಘಟಕಕ್ಕೆ ಕನಿಷ್ಠ ಅವಧಿಯ ಮಾತನ್ನಾಡುವುದೂ ಇದೇ ಕಾರಣಕ್ಕೆ.

ಸಂಜೆ ಐದೂವರೆಯ ನಂತರ

ಧನಬಾದ್ ಹೇಳಿದ ಇನ್ನೊಂದು ಮಾತಿದೆ. ಗೇಟು ಎಷ್ಟು ಬಿಗಿಯಾಗಿದ್ದರೂ ನ್ಯಾಯಾಧೀಶರು ಮನೆಗೆ ಹೋಗಲೇಬೇಕು. 2022ರ ಮಾರ್ಚ್‌ನಲ್ಲಿ ಹಿಜಾಬ್ ತೀರ್ಪಿನ ನಂತರ ಬೆದರಿಕೆ ಬಂದಾಗ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳಿಗೆ ರಾಜ್ಯ ಸರ್ಕಾರ ವೈ ದರ್ಜೆಯ ಭದ್ರತೆ ಕೊಟ್ಟಿತು. 2023ರ ಜುಲೈನಲ್ಲಿ ಆರು ನ್ಯಾಯಮೂರ್ತಿಗಳನ್ನು ಕೊಲ್ಲುವ ಬೆದರಿಕೆಯ ವಾಟ್ಸ್‌ಆ್ಯಪ್ ಸಂದೇಶ ಬಂದದ್ದು ಹೈಕೋರ್ಟಿನ ಸಾರ್ವಜನಿಕ ಸಂಪರ್ಕಾಧಿಕಾರಿಯ ಮೊಬೈಲಿಗೆ. ಅಂದರೆ ಬೆದರಿಕೆ ನ್ಯಾಯಮೂರ್ತಿಗಳಿಗಾದರೂ ಮೊದಲು ಬೆವರಿದವರು ಸಿಬ್ಬಂದಿ.

ಹೈಕೋರ್ಟಿಗೆ ಸಿಕ್ಕ ಈ ರಕ್ಷಣೆ ಜೆಎಂಎಫ್‌ಸಿ ನ್ಯಾಯಾಧೀಶರಿಗೆ ಎಲ್ಲಿಯದು? ಪೊಲೀಸ್ ಕಸ್ಟಡಿ, ಜಾಮೀನು, ತಡೆಯಾಜ್ಞೆ ಎಲ್ಲವೂ ಮೊದಲು ಬರುವುದು ಅವರ ಮುಂದೆ. 1991 ಮತ್ತು 1993ರಲ್ಲಿ ಅಖಿಲ ಭಾರತ ನ್ಯಾಯಾಧೀಶರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಸತಿಗೃಹದ ಬಗ್ಗೆ ಒತ್ತಿ ಹೇಳಿತು. ಕನ್ನಡಿಗರಾದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಅವರ ವೇತನ ಆಯೋಗವೂ ಕೆಳ ನ್ಯಾಯಾಂಗದ ಜೀವನ ಸ್ಥಿತಿಯನ್ನು ವಿವರವಾಗಿ ನೋಡಿತು. ಸರ್ಕಾರಿ ವಸತಿಗೃಹ ಕೋರ್ಟಿಗೆ ಹತ್ತಿರ, ಒಂದೇ ಕಾಂಪೌಂಡಿನಲ್ಲಿದ್ದರೆ ಅರ್ಧ ಭದ್ರತೆ ಬಂದಂತೆಯೇ. ಪೇಟೆಯಲ್ಲಿ ಬಾಡಿಗೆ ಮನೆ ಹಿಡಿದರೆ ಕಕ್ಷಿದಾರನೇ ಮನೆಯ ಮಾಲೀಕನ ನೆಂಟನಾಗಿರಬಹುದು.

ಮನೆಗೂ ಕಾವಲು ಬೇಕೆನ್ನುವ ಈ ವಾದ ಅಮೆರಿಕದಲ್ಲಿ ಇನ್ನೂ ಮುಂದೆ ಹೋಗಿದೆ. 2020ರ ಜುಲೈನಲ್ಲಿ ನ್ಯೂಜೆರ್ಸಿಯ ನ್ಯಾಯಾಧೀಶೆ ಎಸ್ತರ್ ಸಲಾಸ್ ಅವರ ಮನೆ ಬಾಗಿಲಲ್ಲಿ ಮಗ ಕೊಲೆಯಾದ. ಕೊಂದವನು ಅವರ ಮುಂದೆ ಕೇಸು ನಡೆಸಿದ್ದ ವಕೀಲ. 2022ರಲ್ಲಿ ಮಗನ ಹೆಸರಿನಲ್ಲೇ ನ್ಯಾಯಾಧೀಶರ ವಿಳಾಸ ಮುಂತಾದ ಮಾಹಿತಿಯನ್ನು ಜಾಲತಾಣಗಳಿಂದ ತೆಗೆಸುವ ಕಾನೂನು ಬಂತು. ಸುರಪುರದಲ್ಲಿ ವಿಳಾಸ ಮುಚ್ಚಿಡುವ ಮಾತು ನಗೆ ತರಿಸುತ್ತದೆ. ಜಡ್ಜ್ ಸಾಹೇಬರ ಮನೆ ಯಾವುದೆಂದು ಬಸ್ ಸ್ಟ್ಯಾಂಡಿನಲ್ಲಿ ಕೇಳಿದರೆ ಸಾಕು.

ಬೇಲಿಫ್ ಹೋಗುವ ದಾರಿ

ನಾರಾಯಣಪುರದ ಬಸವಸಾಗರದಿಂದ ಹೊರಟ ಕೃಷ್ಣೆಯ ಕಾಲುವೆಗಳು ಶಹಾಪುರ, ಸುರಪುರದ ನೆಲವನ್ನು ಭತ್ತದ ಗದ್ದೆ ಮಾಡಿದವು. ಒಣ ಹೊಲಕ್ಕೆ ಬೆಲೆ ಬಂತು. ಬೆಲೆಯ ಹಿಂದೆಯೇ ಪಾಲಿನ ದಾವೆ, ಬದುವಿನ ದಾವೆ, ಭೂಸ್ವಾಧೀನ ಪರಿಹಾರದ ದಾವೆಗಳು ಬಂದವು. ಪರಿಹಾರದ ಹಣ ಕಟ್ಟದಿದ್ದಾಗ ಸರ್ಕಾರಿ ಕಚೇರಿಯ ಕುರ್ಚಿ, ಕಂಪ್ಯೂಟರು, ಜೀಪನ್ನೇ ಜಪ್ತಿ ಮಾಡಲು ಕೋರ್ಟು ವಾರಂಟು ಕೊಡುವುದು ಉತ್ತರ ಕರ್ನಾಟಕದ ಪತ್ರಿಕೆ ಓದುವವರಿಗೆ ಹೊಸದಲ್ಲ. ಆ ವಾರಂಟನ್ನು ಕೈಯಲ್ಲಿ ಹಿಡಿದು ಹೋಗುವವರು ಬೇಲಿಫ್. ಹೊಲದ ಕಬ್ಜಾ ಬಿಡಿಸಲು, ಅಂಗಡಿಗೆ ಬೀಗ ಹಾಕಲು, ಓಡಿಹೋದವನಿಗೆ ಸಮನ್ಸ್ ಅಂಟಿಸಲು ಹೋಗುವವರು ಬೇಲಿಫ್ ಅಥವಾ ಆದೇಶ ಜಾರಿಕಾರರು. ನ್ಯಾಯಾಧೀಶರು ಬರೆದ ತೀರ್ಪನ್ನು ಸೋತವನ ಮುಖಕ್ಕೆ ಎದುರಾಗಿ ನಿಂತು ಜಾರಿ ಮಾಡುವವರು ಇವರೇ.

ಇವರಿಗೆ ಮೆಟಲ್ ಡಿಟೆಕ್ಟರಿನಿಂದ ಏನೂ ಪ್ರಯೋಜನವಿಲ್ಲ. ಪೊಲೀಸ್ ನೆರವು ಬೇಕಾದರೆ ಡಿಕ್ರಿ ಪಡೆದವರು ಬೇರೆ ಅರ್ಜಿ ಹಾಕಬೇಕು, ಕೋರ್ಟ್ ಆದೇಶಿಸಬೇಕು, ಠಾಣೆಯಲ್ಲಿ ಆಳು ಸಿಗಬೇಕು. ತಡೆದವರನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 21ರ ಅಡಿ 30 ದಿನಗಳವರೆಗೆ ಸಿವಿಲ್ ಸೆರೆಗೆ ಕಳಿಸಬಹುದು. ಆದರೆ ಅದು ಬೇಲಿಫ್ ಪೆಟ್ಟು ತಿಂದು ಬಂದ ನಂತರದ ಮಾತು.

ಕಾನೂನಿನ ರಕ್ಷಣೆಯಲ್ಲೂ ತಾರತಮ್ಯವಿದೆ. ಆಸ್ಪತ್ರೆ ಸಿಬ್ಬಂದಿಗೆ 2009ರ ರಾಜ್ಯ ಕಾಯ್ದೆಯಿದೆ. 2023ರ ಡಿಸೆಂಬರ್ 7ರಂದು ಕಲಬುರಗಿಯಲ್ಲಿ ವಕೀಲರೊಬ್ಬರನ್ನು ಹಾಡಹಗಲೇ ಕೊಂದ ನಂತರ, ಅದೇ ತಿಂಗಳು ಬೆಳಗಾವಿ ಅಧಿವೇಶನದಲ್ಲಿ ವಕೀಲರ ಮೇಲಿನ ಹಿಂಸಾಚಾರ ತಡೆ ಮಸೂದೆ ಒಪ್ಪಿಗೆ ಪಡೆಯಿತು. ಕೋರ್ಟ್ ಸಿಬ್ಬಂದಿಗೆ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ. ಭಾರತೀಯ ನ್ಯಾಯ ಸಂಹಿತೆಯ 132ನೇ ಕಲಂ ಎಲ್ಲ ಸರ್ಕಾರಿ ನೌಕರರಿಗೂ ಸಾಮಾನ್ಯ. ಗರಿಷ್ಠ 2 ವರ್ಷ ಶಿಕ್ಷೆ. ಕಲಾಪ ನಡೆಯುವಾಗ ಅವಮಾನ ಮಾಡಿದರೆ 267ನೇ ಕಲಮಿನಡಿ 6 ತಿಂಗಳು. ಹೊಸ ಕಾಯ್ದೆಯೊಂದೇ ಪರಿಹಾರವೆಂದು ನಾನು ನಂಬುವುದಿಲ್ಲ. ವಕೀಲರ ಕಾಯ್ದೆ ಕೂಡ ಕೊಲೆಯಾದ ಮೇಲೆ ಬಂದದ್ದು. ಇಲ್ಲಿ ಬೇಕಾದದ್ದು ಸಣ್ಣ ಕ್ರಮಗಳು: ಜಪ್ತಿ, ಕಬ್ಜೆಯ ವಾರಂಟಿಗೆ ಬೇಲಿಫ್ ಒಬ್ಬರೇ ಹೋಗಬಾರದು, ಹೋಗುವ ಮೊದಲು ಠಾಣೆಯ ದಾಖಲೆಯಲ್ಲಿ ಬರೆಸಬೇಕು, ಮರಳಿ ಬರಲು ಕೋರ್ಟಿನ ವಾಹನವಿರಬೇಕು.

ಸಿಟ್ಟಿನ ಮೂಲ ನೋಡುವವರು

ಕೊನೆಯ ಪಂಥ ಕಾವಲಿಗಿಂತ ಕಾರಣದ ಕಡೆಗೆ ಬೆರಳು ಮಾಡುತ್ತದೆ. ಕೈದಿಯನ್ನು ಪ್ರತಿ ತಾರೀಖಿಗೂ ವ್ಯಾನಿನಲ್ಲಿ ಕರೆತರುವುದೇಕೆ? ಕರ್ನಾಟಕದಲ್ಲಿ 2020ರಿಂದಲೇ ವಿಡಿಯೊ ಕಾನ್ಫರೆನ್ಸ್ ನಿಯಮಗಳಿವೆ. ಹೊಸ ಸುರಕ್ಷಾ ಸಂಹಿತೆಯೂ ಅದಕ್ಕೆ ಅವಕಾಶ ಕೊಡುತ್ತದೆ. ಎದುರಾಳಿಗಳು ಎದುರಾಗದಿದ್ದರೆ ಹೊಡೆದಾಟವಿಲ್ಲ. ಆದರೆ 2023ರ ಡಿಸೆಂಬರಿನಲ್ಲಿ ಹೈಕೋರ್ಟಿನ ಕಲಾಪದ ನಡುವೆ ಕಿಡಿಗೇಡಿಗಳು ಅಶ್ಲೀಲ ದೃಶ್ಯ ಹರಿಬಿಟ್ಟರು. ವಿಡಿಯೊ ವಿಚಾರಣೆಯನ್ನೇ ಕೆಲವು ಕಾಲ ನಿಲ್ಲಿಸಬೇಕಾಯಿತು. ಪರದೆಗೂ ಕಾವಲು ಬೇಕು ಎಂದಾಯಿತು. ಜೈಲಿನ ಕೋಣೆಯಲ್ಲಿ ಕ್ಯಾಮೆರಾ ಮುಂದೆ ಕುಳಿತವನು ತನಗೆ ಪೆಟ್ಟು ಬಿದ್ದದ್ದನ್ನು ಮ್ಯಾಜಿಸ್ಟ್ರೇಟರಿಗೆ ಹೇಳಬಲ್ಲನೇ ಎಂಬ ಪ್ರಶ್ನೆ ಇನ್ನೂ ಗಂಭೀರ.

ವಿಳಂಬವೇ ಸಿಟ್ಟಿನ ತಾಯಿ ಎನ್ನುವವರೂ ಇದೇ ಪಂಥದವರು. ಲೋಕಾಯುಕ್ತದ ಪ್ರಕರಣಕ್ಕೆ ಇದು ಹೊಂದುತ್ತದೆ. ಹೊಳೆನರಸೀಪುರಕ್ಕೆ ಹೊಂದುವುದಿಲ್ಲ. ಅಲ್ಲಿ ರಾಜಿಯ ಮಾತು ನಡೆದ ದಿನವೇ ಕೊಲೆ ನಡೆಯಿತು. ದಾಂಪತ್ಯದ ಕೇಸುಗಳಲ್ಲಿ ಗಂಡ ಹೆಂಡತಿಯನ್ನು ಬೇರೆ ಬೇರೆ ಹೊತ್ತಿಗೆ ಕರೆಸುವುದು, ಬೇರೆ ಬಾಗಿಲಲ್ಲಿ ಕಳಿಸುವುದು ಖರ್ಚಿಲ್ಲದ ಉಪಾಯ. ಅದನ್ನು ಪಾಲಿಸಲು ಯಾವ ಆದೇಶಕ್ಕೂ ಕಾಯಬೇಕಿಲ್ಲ.

ಬಗೆಹರಿಯದ ಪ್ರಶ್ನೆಗಳು

ಮೊದಲನೆಯದು ಅಧಿಕಾರದ್ದು. ಕಾವಲಿನ ಪೊಲೀಸ್ ಯಾರ ಮಾತು ಕೇಳಬೇಕು, ಎಸ್ಪಿಯದೋ ಜಿಲ್ಲಾ ನ್ಯಾಯಾಧೀಶರದೋ? 2023ರ ಆದೇಶ ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿದೆ. ಇಬ್ಬರಿಗೆ ಒಮ್ಮತವಾಗದಿದ್ದರೆ ಕೊನೆಯ ಮಾತು ಯಾರದು ಎಂಬುದು ಮೇಜಿನ ಮೇಲೆಯೇ ಉಳಿದಿದೆ. ಎರಡನೆಯದು ಹಣದ್ದು. ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನಮಾನವಿರುವ ಕಲ್ಯಾಣ ಕರ್ನಾಟಕದಲ್ಲಿ ಅಭಿವೃದ್ಧಿ ಅನುದಾನ ರಸ್ತೆ, ಶಾಲೆಗಳಿಗೆ ಹೋಗುತ್ತದೆ. ಕೋರ್ಟಿನ ಕಾಂಪೌಂಡ್ ಗೋಡೆ ಯಾರ ಪಾಲಿಗೆ?

ವಕೀಲರ ತಪಾಸಣೆಯ ಪ್ರಶ್ನೆಗೆ ವಕೀಲರ ಪರಿಷತ್ತಿನ ಕಡೆಯಿಂದ ಸ್ಪಷ್ಟ ಉತ್ತರ ಬೇಕಿದೆ. ಸಂಘದ ಪದಾಧಿಕಾರಿಗಳೇ ಮೊದಲು ಸಾಲಿನಲ್ಲಿ ನಿಂತರೆ ಉಳಿದವರ ಅವಮಾನ ಕಡಿಮೆಯಾದೀತು. ತೆರೆದ ನ್ಯಾಯಾಲಯ ಮತ್ತು ಬಿಗಿ ಗೇಟಿನ ನಡುವೆ ಗೆರೆ ಎಲ್ಲಿ ಎಳೆಯಬೇಕೆಂಬುದು ಊರೂರಿಗೂ ಬೇರೆಯಾಗುವ ವಿಷಯ, ದೆಹಲಿಯಿಂದ ಎಳೆಯಲಾಗದು. ಇನ್ನು ಬೇಲಿಫ್‌ಗೆ ಬಂದ ಬೈಗುಳ, ಕ್ಲರ್ಕಿಗೆ ಬಂದ ಬೆದರಿಕೆಯ ಫೋನು, ಹಿಂಬಾಲಿಸಿದ ಬೈಕು ಇವೆಲ್ಲ ಎಲ್ಲಾದರೂ ಒಂದು ಕಡೆ ದಾಖಲಾಗದ ತನಕ ಯಾವ ಪಂಥದ ಮದ್ದು ಯಾವ ರೋಗಕ್ಕೆ ಎಂದು ಹೇಳುವುದೂ ಊಹೆಯೇ.

ಯಾದಗಿರಿಯಲ್ಲಿ ಮುಂದಿನ ಭದ್ರತಾ ಸಭೆ ಕರೆಯುವವರಲ್ಲಿ ಒಂದು ಕೋರಿಕೆ. ನ್ಯಾಯಾಧೀಶರು, ಎಸ್ಪಿ, ವಕೀಲರ ಸಂಘದ ಅಧ್ಯಕ್ಷರ ಜೊತೆಗೆ ಶಹಾಪುರದ ಒಬ್ಬ ಬೇಲಿಫ್‌ಗೂ ಸುರಪುರದ ಒಬ್ಬ ಮಹಿಳಾ ಗುಮಾಸ್ತರಿಗೂ ಕುರ್ಚಿ ಹಾಕಿ, ಮೊದಲು ಅವರ ಮಾತನ್ನೇ ಕೇಳಿ.